ಸೆರಗಿನ ಮರೆಯ ಬಾಯಿ

ನಮ್ಮ ದೊಡ್ಡವ್ವ ಗೋಕಾಕದಲ್ಲಿ ಜೀವಮಾನವೆಲ್ಲ ಹೆಂಗಸರು ಸೀರೆಗೆ ತೊಡುವ ಜಂಪರ್ ಹೊಲಿದವಳು. ಹೊಲಿಗೆ ಮುಗಿದಾಗ ದಾರವನ್ನು ಮುಂದಿನ ಹಲ್ಲಿನಿಂದಲೇ ಕಡಿಯುತ್ತಿದ್ದಳು. ಕತ್ತರಿ ಮಷಿನ್ ಮೇಲೆಯೇ ಇರುತ್ತಿತ್ತು, ಆದರೂ ತಲೆ ಬಗ್ಗಿಸಿ ಟಕ್ ಎಂದು ಕಡಿದರೇ ಅವಳಿಗೆ ಕೆಲಸ ಮುಗಿದಂತೆ. ಒಂದು ಚಳಿಗಾಲದಲ್ಲಿ ಅವಳು ದಾರಕ್ಕೆ ಕತ್ತರಿ ಹಿಡಿಯತೊಡಗಿದಳು. ನಾನು ಅದನ್ನು ನೋಡಿದೆ, ಕೊನೆಗೂ ಒಳ್ಳೆಯ ಅಭ್ಯಾಸ ಮಾಡಿಕೊಂಡಳು ಎಂದುಕೊಂಡೆ. ಕಾಯಿಲೆ ನಮ್ಮ ಮನೆಯೊಳಗೆ ಬಂದದ್ದು ಹಾಗೆ, ಯಾರಿಗೂ ಕಾಯಿಲೆಯೆಂದು ಅನ್ನಿಸದ ರೀತಿಯಲ್ಲಿ.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ನನ್ನ ಅವ್ವ, ಅಪ್ಪ ಹುಕ್ಕೇರಿಯಲ್ಲಿದ್ದಾರೆ. ಹೈಸ್ಕೂಲಿಗೆಂದು ಗೋಕಾಕಕ್ಕೆ ಬಂದ ನಾನು ದೊಡ್ಡವ್ವನ ಮನೆಯಲ್ಲೇ ಉಳಿದೆ. ದೊಡ್ಡಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಓದು ಮುಗಿದು ಮೂಡಲಗಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಬೆಳಿಗ್ಗೆ ಬಸ್ಸಿನಲ್ಲಿ ಮೂಡಲಗಿಗೆ, ಸಂಜೆ ಮತ್ತೆ ಗೋಕಾಕಕ್ಕೆ.

ನಾನು ಮಾತು ಕಡಿಮೆಯವಳು. ಇದನ್ನು ಹೆಮ್ಮೆಯಿಂದಲೂ ಹೇಳುತ್ತಿಲ್ಲ, ಬೇಸರದಿಂದಲೂ ಅಲ್ಲ. ತರಗತಿಯಲ್ಲಿ ಪಾಠಕ್ಕೆ ಬೇಕಾದಷ್ಟು ಮಾತಾಡುತ್ತೇನೆ. ಅದರಾಚೆ ಒಳಗಿನದನ್ನು ಯಾರಿಗೂ ಹೇಳಲು ಬರುವುದಿಲ್ಲ, ದೊಡ್ಡವ್ವನೊಬ್ಬಳನ್ನು ಬಿಟ್ಟು. ಸಂಜೆ ಅವಳು ಮಷಿನ್ ತುಳಿಯುವಾಗ ನಾನು ಕೆಳಗೆ ಚಾಪೆಯ ಮೇಲೆ ಕುಳಿತು ಜಂಪರಿಗೆ ಹುಕ್ಕು ಹಚ್ಚುತ್ತಿದ್ದೆ. ಇಬ್ಬರ ಕಣ್ಣೂ ಬಟ್ಟೆಯ ಮೇಲೆ ಇರುತ್ತಿದ್ದುದರಿಂದ ಏನನ್ನೂ ಹೇಳಬಹುದಿತ್ತು. ಬೇಡವೆಂದ ಸಂಬಂಧಗಳ ಬಗ್ಗೆ, ಒಮ್ಮೆ ಬೇಕೆನಿಸಿದ್ದ ಒಬ್ಬನ ಬಗ್ಗೆ, ಎಲ್ಲವನ್ನೂ ಅಲ್ಲಿ ಹೇಳಿದ್ದೇನೆ. ಅವಳು ಬುದ್ಧಿ ಹೇಳುತ್ತಿರಲಿಲ್ಲ. "ಹೂಂ, ಮುಂದ?" ಎನ್ನುತ್ತಿದ್ದಳು. ನಾನು ಕಳೆದುಕೊಳ್ಳಲು ಹೆದರಿದ್ದು ಇದನ್ನು. ಬೇರೆ ಏನನ್ನು ಬರೆದರೂ ಈ ಹೆದರಿಕೆಯ ಬಗ್ಗೆಯೇ ಬರೆದಂತೆ.

ಕತ್ತರಿಯ ನಂತರ ಅವಳ ಮಾತು ಕಡಿಮೆಯಾಯಿತು. "ಹೂಂ, ಮುಂದ?" ಎಂಬುದು ಬರೀ "ಹೂಂ" ಆಯಿತು, ಆಮೇಲೆ ತಲೆಯಾಡಿಸುವುದಾಯಿತು. ಖಡಕ್ ರೊಟ್ಟಿಯನ್ನು ಪಲ್ಯದ ಎಸರಿನಲ್ಲಿ ನೆನೆಹಾಕಿ ತಿನ್ನತೊಡಗಿದಳು. ವಯಸ್ಸು ಎಪ್ಪತ್ತರ ಹತ್ತಿರ ಬಂತಲ್ಲ ಎಂದುಕೊಂಡೆ. ಒಂದು ದಿನ ಓಣಿಯ ಹೆಂಗಸೊಬ್ಬಳು ಜಂಪರನ್ನು ವಾಪಸು ತಂದು ನಗುತ್ತಲೇ ಹರವಿದಳು.

"ದೊಡ್ಡವ್ವಾರ, ಎರಡೂ ಎಡಗೈ ತೋಳ ಹಚ್ಚೀರಿ. ನಾ ಬಲಗೈ ಎಲ್ಲಿ ಇಟಗೊಳ್ಳಲಿ?"

ದೊಡ್ಡವ್ವನೂ ನಕ್ಕಳು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು. ಆ ಜಂಪರನ್ನು ಬಿಚ್ಚಿ ಮತ್ತೆ ಹೊಲಿದಳು. ಮತ್ತೆ ಎರಡೂ ಎಡಗೈ ತೋಳುಗಳೇ. ಆ ಸಲ ಅವಳು ನಗಲಿಲ್ಲ.

ಈ ಸೆರಗಿನ ವಿಷಯ ಹೇಳಬೇಕು. ನಮ್ಮ ಕಡೆ ಹಿರಿಯ ಹೆಂಗಸರು ತಲೆಯ ಮೇಲೆ ಸೆರಗು ಹೊರುತ್ತಾರೆ. ದೊಡ್ಡವರು, ಪರಪುರುಷರು ಬಂದಾಗ ಅದರ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡುತ್ತಾರೆ. ಅದು ಮರ್ಯಾದೆ. ದೊಡ್ಡವ್ವ ಮಾತ್ರ ಇಂಥ ಮರ್ಯಾದೆಗೆ ಹೆಸರಾದವಳಲ್ಲ. ಗಂಡಸರ ಮುಂದೆಯೂ ನೇರ ಮಾತಾಡಿ ಬೈಸಿಕೊಂಡವಳು. ಅಂಥವಳು ಈಗ ಎಲ್ಲರ ಮುಂದೆ ಸೆರಗು ಹಿಡಿಯುವುದನ್ನು ನೋಡಿ ಹುಕ್ಕೇರಿಯಿಂದ ಬಂದ ನನ್ನ ಅವ್ವನಿಗೆ ನಗು.

"ಅಕ್ಕಗ ಈಗ ಮರ್ಯಾದಿ ಬಂತು ನೋಡ. ಗಂಡ ಇರೂತನಕ ಬರಲಿಲ್ಲ, ಅಂವ ಹ್ವಾದ ಮ್ಯಾಲೆ ಬಂತು."

ದೊಡ್ಡವ್ವ ಸೆರಗನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡಳು. ಹಿಂದಿನ ದೊಡ್ಡವ್ವನಾಗಿದ್ದರೆ ತಂಗಿಯ ಈ ಮಾತಿಗೆ ಸಂಜೆಯವರೆಗೂ ಉತ್ತರ ಕೊಡುತ್ತಿದ್ದಳು. ನನ್ನ ಮುಂದೆಯೂ ಅವಳು ಸೆರಗು ಹಿಡಿಯುತ್ತಿದ್ದಳು. ಮನೆಯಲ್ಲಿ, ನಾವಿಬ್ಬರೇ ಇರುವಾಗ, ಮಗಳಂಥ ನನ್ನ ಮುಂದೆ ಯಾವ ಮರ್ಯಾದೆ? ಆದರೆ ಕಣ್ಣಿಗೆ ರೂಢಿಯಾದದ್ದನ್ನು ಯಾರೂ ಪ್ರಶ್ನಿಸುವುದಿಲ್ಲ. ಸೆರಗು ನಮಗೆ ಅಷ್ಟು ಪರಿಚಿತ.

ಸಕ್ಕರೆ ಡಬ್ಬಿ ಕಪಾಟಿನ ಬಟ್ಟೆಗಳ ನಡುವೆ ಸಿಕ್ಕಿತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದವಳು ಸ್ವಲ್ಪ ಹೊತ್ತಿಗೆ ಮತ್ತೆ ಪೂಜೆಗೆ ಕುಳಿತಳು. ಪೂಜೆಯಾಗದೆ ಅವಳು ಹನಿ ನೀರೂ ಕುಡಿಯುವವಳಲ್ಲ. ಹಾಗಾಗಿ ಕೆಲವು ದಿನ ಮಧ್ಯಾಹ್ನದವರೆಗೂ ಹೊಟ್ಟೆಗಿಲ್ಲದೆ ಇರುತ್ತಿದ್ದಳೆಂದು ಪಕ್ಕದ ಮನೆಯವರು ಹೇಳಿದರು. ಆಗ ನಾನು ಡಾಕ್ಟರ ಬಳಿ ಕರೆದುಕೊಂಡು ಹೋದೆ.

ನರರೋಗದ ಡಾಕ್ಟರು ಬೆಳಗಾವಿಯಿಂದ ವಾರಕ್ಕೊಮ್ಮೆ ಗೋಕಾಕದ ದವಾಖಾನೆಯೊಂದಕ್ಕೆ ಬರುತ್ತಿದ್ದರು. ಕಾಯುವ ಕೋಣೆ ಅನ್ನುವಂಥದ್ದಿರಲಿಲ್ಲ, ಉದ್ದನೆಯ ಪಡಸಾಲೆ, ಗೋಡೆಗೆ ಹಚ್ಚಿದ ಬೆಂಚು. ಕೈ ನಡುಗುವವರು, ಒಂದು ಮಗ್ಗುಲು ಬಿದ್ದವರು, ಸುಮ್ಮನೆ ಎದುರಿನ ಗೋಡೆಯನ್ನು ನೋಡುವವರು. ಬಾಜೂ ಕುಳಿತಿದ್ದ ಮುದುಕಿ ದೊಡ್ಡವ್ವನನ್ನು ನೋಡಿ ನನಗೆ ಹೇಳಿದಳು.

"ಎಷ್ಟ ಮರ್ಯಾದಿಯಾಕಿ ನಿಮ್ಮಾಕಿ. ಬಾಯಿಮ್ಯಾಲಿನ ಸೆರಗ ತಗ್ಯಾಂಗಿಲ್ಲ. ನಮ್ಮ ಸೊಸಿ ಅದಾಳ, ಮಾವನ ಮುಂದ ಹಿಂಗ ಬಾಯಿ ಮಾಡ್ತಾಳ."

"ಇಲ್ಲೇ ಕುಂತೇನ್ರಿ ಅತ್ತಿ, ಎಲ್ಲಾ ಕೇಳಸ್ತೈತಿ," ಎಂದಳು ಆಚೆ ಮಗ್ಗುಲಿನ ಸೊಸೆ. "ಮಾವಗ ಕಿವಿ ಕೇಳಂಗಿಲ್ಲ, ಒದರಲಾರದ ಏನ್ ಮಾಡ್ಲಿ?"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನನಗೂ ನಗು ಬಂತು. ಇಂಥ ಜಾಗದಲ್ಲಿ ನಗು ಬಂದದ್ದಕ್ಕೆ ಆಶ್ಚರ್ಯವಾಯಿತು, ಪಕ್ಕದಲ್ಲಿದ್ದವಳ ಕಡೆ ತಿರುಗಿದೆ. ಹಿಂದೆ ಇಂಥ ಮಾತಿಗೆ ನಾವಿಬ್ಬರೂ ಒಂದೇ ಕ್ಷಣಕ್ಕೆ ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಅವಳು ತನ್ನ ಚಪ್ಪಲಿಗಳನ್ನು ನೋಡುತ್ತಿದ್ದಳು.

ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಕುದುರೆ, ಚಾವಿ, ಮಾವಿನಹಣ್ಣು ಎಂಬ ಮೂರು ಶಬ್ದ ಹೇಳಿ, ಆಮೇಲೆ ಕೇಳುತ್ತೇನೆ, ನೆನಪಿಡಿ ಎಂದರು. ಇವತ್ತು ಯಾವ ವಾರ, ಇದು ಯಾವ ಊರು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ದೊಡ್ಡವ್ವ ಸೆರಗಿನೊಳಗೆ ಏನೋ ಗೊಣಗಿದಳು, ಕೆಲವಕ್ಕೆ ತಲೆ ಅಲ್ಲಾಡಿಸಿದಳು.

"ಅವ್ವಾರ, ಸ್ವಲ್ಪ ಸೆರಗ ತಗದ ಹೇಳ್ರಿ, ಕೇಳಸವಲ್ದು."

ಅವಳು ತೆಗೆಯಲಿಲ್ಲ. ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಒಂದು ಗಳಿಗೆ ಅವರ ಮುಖ ಸ್ವಲ್ಪ ಬದಲಾಯಿತು. ಪೆನ್ನನ್ನು ಕೆಳಗಿಟ್ಟು ನನ್ನನ್ನು ಕೇಳಿದರು: "ಇವರ ಹಲ್ಲು ತೋರಿಸೀರೇನು?"

ಇಲ್ಲ ಎಂದೆ. ಹಲ್ಲಿಗೆಂದು ನಾವು ಬಂದಿರಲಿಲ್ಲ.

"ಇವತ್ತಿನ ಪರೀಕ್ಷೆ ಮೇಲೆ ನಾ ಏನೂ ಹೇಳಂಗಿಲ್ಲ. ಗೊತ್ತಿಲ್ಲದಕ್ಕ ಸುಮ್ಮನದಾರೋ, ಬಾಯಿ ತೆರೀಲಿಕ್ಕಾಗದ ಸುಮ್ಮನದಾರೋ, ನನಗ ತಿಳೀವಲ್ದು. ಮೊದಲ ಹಲ್ಲಿನ ಡಾಕ್ಟರಿಗೆ ತೋರಸ್ರಿ. ಅದು ಮುಗದ ಮ್ಯಾಲೆ ಮತ್ತ ಬರ್ರಿ."

ಹಲ್ಲಿನ ಡಾಕ್ಟರು ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದಾದ ಹೆಂಗಸು. ದೊಡ್ಡವ್ವ ಆ ಕುರ್ಚಿಯ ಮೇಲೆ ಮಲಗಿದಳೇ ಹೊರತು ಬಾಯಿ ಮೇಲಿನ ಕೈ ತೆಗೆಯಲಿಲ್ಲ. ಡಾಕ್ಟರು ಬಲವಂತ ಮಾಡಲಿಲ್ಲ. ಸಹಾಯಕನನ್ನು ಹೊರಗೆ ಕಳಿಸಿದರು. ಆಗಲೂ ಸೆರಗು ಸರಿಯಲಿಲ್ಲ. ನನ್ನತ್ತ ತಿರುಗಿ, "ನೀವೂ ಸ್ವಲ್ಪ ಹೊರಗ ಕುಂದ್ರತೀರೇನು?" ಎಂದರು.

ಹೊರಗೆ ಕುಳಿತೆ. ಕದ ಪೂರ್ತಿ ಹಾಕಿರಲಿಲ್ಲ. ಸ್ವಲ್ಪ ಹೊತ್ತಿಗೆ ದೊಡ್ಡವ್ವನ ದನಿ ಕೇಳಿಸಿತು. ತಿಂಗಳುಗಳಿಂದ ಕೇಳದಿದ್ದ, ಸೆರಗಿಲ್ಲದ ದನಿ.

"ಬ್ಯಾನಿ ತಡಕೋಬಹುದ್ರಿ ಬಾಯಾರ. ನಾತಾ ತಡಕೊಳ್ಳಾಕ ಆಗಂಗಿಲ್ಲ. ಮನ್ಯಾಗ ಹುಡುಗಿ ಐತ್ರಿ. ಬಾಜೂಕ ಬಂದು ಕುಂದ್ರತೈತಿ. ಹೇಸಿಕಿ ಬಂದ್ರ ಆಕಿ ಹೇಳೂದಿಲ್ಲ, ಸುಮ್ಮ ಎದ್ದ ಹೋಗ್ತಾಳ."

"ಮಿಶ್ರಿ ಹಚ್ಚತೀರೇನವ್ವಾ?"

"ಹಚ್ಚೇನ್ರಿ. ಹಚ್ಚಿದ್ರ ಒಂದ ಗಳಿಗಿ ಬ್ಯಾನಿ ಕಡಿಮಿ ಆಗ್ತೈತಿ."

ತಂಬಾಕು ಹುರಿದು ಮಾಡಿದ ಆ ಕಪ್ಪು ಪುಡಿಯನ್ನು ನಮ್ಮ ಕಡೆಯ ಮುದುಕಿಯರು ಒಸಡಿಗೆ ತಿಕ್ಕುತ್ತಾರೆ. ನಮ್ಮ ಮನೆಯಲ್ಲಿ ಅದಿತ್ತೆಂಬುದೇ ನನಗೆ ಗೊತ್ತಿರಲಿಲ್ಲ.

ಡಾಕ್ಟರು ಒಳಗೆ ಕರೆದು ತೋರಿಸಿದಾಗ ದೊಡ್ಡವ್ವ ಕಣ್ಣು ಮುಚ್ಚಿಕೊಂಡಿದ್ದಳು. ಒಸಡು ಊದಿ ಕಪ್ಪುಗೆಂಪಾಗಿತ್ತು, ಒತ್ತಿದರೆ ಕೀವು ಬರುತ್ತಿತ್ತು, ಮುಂದಿನ ಹಲ್ಲುಗಳು ಬೆರಳು ಮುಟ್ಟಿದರೆ ಅಲ್ಲಾಡುತ್ತಿದ್ದವು. "ಇದು ಒಂದೆರಡು ವರ್ಷದ್ದಲ್ಲ," ಎಂದರು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆಯೂ ಇತ್ತು.

ಮರೆವಿನ ಮಾತನ್ನು ನಾನೇ ಎತ್ತಿದೆ. ಅವರು ಜಾಗ್ರತೆಯಿಂದ ಉತ್ತರಿಸಿದರು. ವಯಸ್ಸಾದವರಲ್ಲಿ ಒಸಡಿನ ರೋಗ ಇದ್ದವರಿಗೆ ಮರೆವು ಹೆಚ್ಚು ಕಂಡುಬರುತ್ತದೆಂದು ಓದಿದ್ದೇವೆ, ಒಸಡಿನ ಸೋಂಕು ಮೆದುಳಿಗೂ ತೊಂದರೆ ಕೊಡಬಹುದು ಎನ್ನುವವರಿದ್ದಾರೆ. ಮರೆವು ಶುರುವಾದವರು ಹಲ್ಲುಜ್ಜುವುದನ್ನೇ ಮರೆಯುತ್ತಾರೆ, ಹಾಗಾಗಿ ಒಸಡು ಕೆಡುತ್ತದೆ ಎನ್ನುವವರೂ ಇದ್ದಾರೆ. "ನಿಮ್ಮ ದೊಡ್ಡವ್ವನ ವಿಷಯದಾಗ ಯಾವುದು ಮೊದಲು ಅಂತ ನನಗ ಹೇಳಾಕ ಬರಂಗಿಲ್ಲ."

ಎರಡು ಗಿಡಗಳು ಒಂದೇ ಪಾತಿಯಲ್ಲಿ ಬಾಡಿದರೆ ಒಂದು ಇನ್ನೊಂದನ್ನು ಬಾಡಿಸಿತೆಂದು ಬರೆಯಬೇಡಿ ಎಂದು ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ. ಅದೇ ನಾನು ಆ ದಿನದಿಂದ ಸ್ಟಾಫ್ ರೂಮಿನಲ್ಲಿ ಕುಳಿತು ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನನಗೆ ಬೇಕಾದ ಸಾಲುಗಳನ್ನು ಎರಡೆರಡು ಸಲ ಓದಿದೆ, ಬೇಡದ ಸಾಲುಗಳನ್ನು ಬೇಗ ದಾಟಿದೆ. ಕದದ ಆಚೆ ಕೇಳಿದ ಆ ದನಿ ನನ್ನೊಳಗೆ ಕುಳಿತಿತ್ತು. ಅವಳ ಮೌನಕ್ಕೆ ಕಾರಣ ಬಾಯಿ, ತಲೆಯಲ್ಲ. ಬಾಯಿ ಸರಿಯಾದರೆ ಎಲ್ಲ ಸರಿ. ತೋಳು ತಪ್ಪಿದ್ದು ನೋವಿನಿಂದ, ಸಕ್ಕರೆ ಡಬ್ಬಿ ನಿದ್ದೆಗೆಟ್ಟದ್ದರಿಂದ. ಎಲ್ಲಕ್ಕೂ ಕಾರಣ ಹೊಂದಿಸಿದೆ.

ಇದನ್ನು ಹಂಚಿಕೊಳ್ಳಲು ಯಾರೂ ಇರಲಿಲ್ಲ. ನಮ್ಮ ಕಡೆ ಎದುರಾದವರೆಲ್ಲ "ಮನ್ಯಾಗ ಎಲ್ಲಾ ಆರಾಮ?" ಎಂದು ಕೇಳುತ್ತಾರೆ, "ಆರಾಮ್ರಿ" ಎಂದೇ ಉತ್ತರ. ಆ ವರ್ಷ ನಾನು ಎಷ್ಟು ಸಲ ಆರಾಮ ಎಂದೆನೋ. ಮೂಡಲಗಿಯಿಂದ ಬರುವ ಬಸ್ಸಿನಲ್ಲಿ ಕಿಟಕಿಯ ಬಳಿ ಕುಳಿತು, ಮನೆಗೆ ಹೋಗಿ ದೊಡ್ಡವ್ವನಿಗೆ ಹೇಳಬೇಕೆಂದು ದಿನದ ಸಂಗತಿಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಅದು ಹಳೆಯ ಅಭ್ಯಾಸ. ಬಸ್ಸು ಗೋಕಾಕ ಮುಟ್ಟುವಾಗ, ಈಗ "ಮುಂದ?" ಎನ್ನುವವರಿಲ್ಲವೆಂದು ನೆನಪಾಗುತ್ತಿತ್ತು.

ಹುಕ್ಕೇರಿಗೆ ಫೋನ್ ಮಾಡಿ ಹೇಳಿದಾಗ ಅವ್ವ ನಂಬಲಿಲ್ಲ. "ಹಲ್ಲಿಗೂ ತಲಿಗೂ ಏನ ಸಂಬಂಧ? ಹಂಗಿದ್ರ ನಿಮ್ಮಪ್ಪನ ತಲಿ ಯಾವಾಗರ ಹೋಗಬೇಕಿತ್ತು, ಬಾಯಾಗ ನಾಕ ಹಲ್ಲಿಲ್ಲ." ಹಿಂದಿನಿಂದ ಅಪ್ಪನ ದನಿ: "ಹೋಗಿದ್ದಕ್ಕ ನಿನ್ನ ಜೋಡಿ ಇಷ್ಟ ವರ್ಷ ಇದ್ದೇನಿ." ಅವ್ವ ಫೋನಿನಲ್ಲೇ ಅವರ ಜೊತೆ ಜಗಳಕ್ಕೆ ನಿಂತಳು. ಫೋನಿನ ಆ ಕಡೆ ಇಬ್ಬರಿದ್ದರು. ನಾನು ಕೇಳುತ್ತ ನಿಂತೆ, ಫೋನ್ ಇಡಲು ಮನಸ್ಸಾಗಲಿಲ್ಲ.

ಚಿಕಿತ್ಸೆ ನಿಧಾನವಾಗಿ ನಡೆಯಿತು. ಸಕ್ಕರೆ ಹತೋಟಿಗೆ ಬರಬೇಕು, ಆಮೇಲೆ ಒಸಡಿನೊಳಗೆ ಸ್ವಚ್ಛ ಮಾಡಬೇಕು, ಉಳಿಯದ ಹಲ್ಲು ಕೀಳಬೇಕು, ಗಾಯ ಮಾಗಬೇಕು. ಮಿಶ್ರಿ ಬಿಡಿಸುವುದೇ ಒಂದು ಕೆಲಸವಾಯಿತು. ಹಲ್ಲುಜ್ಜಿದ್ದೇನೆ ಎಂದು ಅವಳು ಹೇಳುತ್ತಿದ್ದಳು, ಬ್ರಷ್ ಒಣಗಿರುತ್ತಿತ್ತು. ಹಾಗಾಗಿ ಇಬ್ಬರೂ ಒಟ್ಟಿಗೆ ಬಚ್ಚಲ ಬಾಗಿಲಲ್ಲಿ ನಿಂತು ಉಜ್ಜುವ ಪದ್ಧತಿ ಮಾಡಿಕೊಂಡೆ. ನಾನು ಮಾಡಿದಂತೆ ಅವಳು ಮಾಡುತ್ತಿದ್ದಳು, ನನ್ನ ಕೈಯನ್ನು ನೋಡುತ್ತ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದಾಗ ದೀಪದ ಬೆಳಕಿಗೂ ಭಯಕ್ಕೂ ಅವಳ ಕೈ ಸೆರಗನ್ನು ಹುಡುಕುತ್ತಿತ್ತು. ಡಾಕ್ಟರು ಅದನ್ನು ತಡೆಯಲಿಲ್ಲ. "ಬಾಯಿ ನನಗ ಬಿಟ್ಟಕೊಡ್ರಿ ಅವ್ವಾ, ಕಣ್ಣ ನೀವ ಮುಚ್ಚಕೋರಿ," ಎಂದು ತಾವೇ ಸೆರಗನ್ನು ಎಳೆದು ಅವಳ ಕಣ್ಣಿನ ಮೇಲೆ ಹೊದಿಸಿದರು. ಆಮೇಲೆ ಪ್ರತಿ ಸಲವೂ ಹಾಗೆಯೇ. ನನಗೆ ಆ ಎಲ್ಲ ತಿಂಗಳುಗಳಲ್ಲಿ ಕಂಡ ಅತಿ ದೊಡ್ಡ ಕರುಣೆ ಅದು. ಅವರಿಗೆ ಅದು ನೆನಪಿರಲಾರದು.

ಬಾಯಿ ಮಾಗಿತು. ಊತ ಇಳಿಯಿತು. ಮುಂದಿನ ಹಲ್ಲುಗಳ ಜಾಗದಲ್ಲಿ ಹೊಸದು ಕಟ್ಟಿಸಿದೆವು. ದೊಡ್ಡವ್ವ ಹೊಟ್ಟೆ ತುಂಬ ಉಣ್ಣತೊಡಗಿದಳು, ಕೆನ್ನೆ ತುಂಬಿಕೊಂಡಿತು. ನಾಗರಪಂಚಮಿಗೆ ಅವಳನ್ನು ಹುಕ್ಕೇರಿಗೆ ಕರೆದುಕೊಂಡು ಹೋದೆ. ತಂಗಿಯ ಮನೆ, ತಂಬಿಟ್ಟು, ಹುರಿದ ಜೋಳದ ಅಳ್ಳು, ಹಿತ್ತಲಿನ ಮರಕ್ಕೆ ಕಟ್ಟಿದ ಜೋಕಾಲಿ. ಅಲ್ಲಿ ಸೆರಗು ತಲೆಯ ಮೇಲೇ ಉಳಿಯಿತು, ಬಾಯಿಗೆ ಬರಲಿಲ್ಲ. ಅವಳು ಮಾತಾಡಿದಳು.

ಅವ್ವನ ಮದುವೆಯ ಜಂಪರನ್ನು ತಾನು ಹೊಲಿದದ್ದು, ಹಿಂದಿನ ದಿನ ನೋಡಿದರೆ ಅದು ಬಿಗಿಯಾದದ್ದು, ಮದುಮಗಳು ಉಂಡಿ ತಿಂದು ದಪ್ಪಗಾಗಿದ್ದು, ಹೊಲಿಗೆ ಬಿಚ್ಚುವಷ್ಟರಲ್ಲಿ ಬೀಗರು ಬಂದದ್ದು. ಅಭಿನಯಿಸಿ ಹೇಳಿದಳು. ಅಡುಗೆಮನೆಯಲ್ಲಿದ್ದ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಕ್ಕಗ ಬಾಯಿ ಬಂತವ್ವಾ!" ಎಂದು ಅವ್ವ ಕಣ್ಣೊರೆಸಿಕೊಂಡಳು. ನನ್ನ ಭುಜ ತಟ್ಟಿ, "ನೀ ಹೇಳಿದ್ದ ಖರೆ ಆತ ನೋಡ," ಎಂದಳು.

ಆ ಒಂದು ಮಧ್ಯಾಹ್ನದಷ್ಟು ಸಂತೋಷವನ್ನು ನಾನು ಬೇರೆಂದೂ ಅನುಭವಿಸಿಲ್ಲ.

ದೊಡ್ಡವ್ವ ನೀರು ಕುಡಿದು ಅದೇ ಕತೆಯನ್ನು ಮೊದಲಿನಿಂದ ಶುರುಮಾಡಿದಳು. ಅದೇ ಶಬ್ದಗಳು, ಅದೇ ಅಭಿನಯ. ಹೆಂಗಸರು ನಕ್ಕರು, ಸ್ವಲ್ಪ ಕಡಿಮೆ. ಮೂರನೆಯ ಸಲ ಮುಗಿದಾಗ ಯಾರೂ ನಗಲಿಲ್ಲ. ಅವಳು ಬಾಗಿಲ ಕಡೆ ನೋಡಿ, ಸ್ಪಷ್ಟವಾಗಿ, ಒಂದು ಅಕ್ಷರವೂ ನುಂಗದೆ ಅವ್ವನನ್ನು ಕೇಳಿದಳು:

"ಹೊತ್ತಾತು, ಅಪ್ಪ ಇನ್ನೂ ಹೊಲದಿಂದ ಬರಲಿಲ್ಲಲ್ಲ?"

ಅವರಪ್ಪ, ನನ್ನ ಅಜ್ಜ, ನಾನು ಹುಟ್ಟುವ ಮೊದಲೇ ಹೋದವರು. ಅವ್ವ ಕೈಯಲ್ಲಿದ್ದ ತಂಬಿಟ್ಟಿನ ಹಿಟ್ಟನ್ನು ಸುಮ್ಮನೆ ನಾದುತ್ತಿದ್ದಳು. "ಬರ್ತಾನ ತಗೋ ಅಕ್ಕಾ," ಎಂದಳು ಕೊನೆಗೆ.

ಇಷ್ಟು ದಿನ ಮೌನದಲ್ಲಿ ಅಡಗಿದ್ದದ್ದು ಮಾತು ಬಂದ ಮೇಲೆ ಹೊರಬಿತ್ತು. ಬಾಯಿ ಕಟ್ಟಿದ್ದಾಗ ಒಳಗೆ ಎಲ್ಲ ಸರಿಯಿದೆ ಎಂದು ನಾನು ನಂಬಬಹುದಿತ್ತು. ಈಗ ಅವಳು ಬಾಯಿ ತೆರೆದಾಗಲೆಲ್ಲ ಒಳಗಿನದು ಕೇಳಿಸುತ್ತಿತ್ತು.

ಬೆಳಗಾವಿಯ ಡಾಕ್ಟರ ಬಳಿ ಮತ್ತೆ ಹೋದೆವು. ಅದೇ ಪಡಸಾಲೆ, ಬೇರೆ ಜನ. ಈ ಸಲ ಅವಳು ಎಲ್ಲ ಪ್ರಶ್ನೆಗೂ ಗಟ್ಟಿಯಾಗಿ ಉತ್ತರಿಸಿದಳು. ಮೂರು ಶಬ್ದಗಳ ಬಗ್ಗೆ ಕೇಳಿದಾಗ, "ಯಾವ ಶಬ್ದ? ನೀವ ಏನೂ ಹೇಳೇ ಇಲ್ಲಲ್ರಿ," ಎಂದು ಅವರನ್ನೇ ಗದರಿಸಿದಳು. ಡಾಕ್ಟರು ನಕ್ಕರು, ಬರೆದುಕೊಂಡರು. ಸ್ಕ್ಯಾನ್ ನೋಡಿದರು. ಆಮೇಲೆ ಕಾಯಿಲೆಯ ಹೆಸರನ್ನು ಹೇಳಿದರು. ಅದು ವಾಸಿಯಾಗುವ ಮರೆವಲ್ಲ.

"ಹಂಗಾದ್ರ ಹಲ್ಲಿಂದೆಲ್ಲಾ ಮಾಡಿಸಿದ್ದು ವ್ಯರ್ಥ ಆತೇನ್ರಿ?" ಎಂದು ಕೇಳಿದೆ.

"ಯಾಕ ವ್ಯರ್ಥ? ಬ್ಯಾನಿ ಇಲ್ಲ, ಉಣ್ಣತಾರ, ಮಲಗತಾರ, ಮಾತಾಡ್ತಾರ. ಮರವು ಸ್ವಲ್ಪ ಸಾವಕಾಶ ಆಗಬಹುದು, ಆಗಲಿಕ್ಕಿಲ್ಲ. ಅದನ್ನ ನಾ ಆಣಿ ಮಾಡಿ ಹೇಳಂಗಿಲ್ಲ." ಸ್ಕ್ಯಾನನ್ನು ಲಕೋಟೆಗೆ ಹಾಕುತ್ತ ಹೇಳಿದರು, "ಹೋದ ಸಲ ಎರಡು ರೋಗ ಒಂದರಾಗ ಒಂದು ಕೂಡಿದ್ವು. ನೀವು ಒಂದನ್ನ ತಗದೀರಿ."

ಆ ಮಾತು ನನಗೆ ಅಂದು ಸಮಾಧಾನ ಕೊಡಲಿಲ್ಲ. ಈಗ ಕೊಡುತ್ತದೆ, ಎಲ್ಲ ದಿನವೂ ಅಲ್ಲ. ನಿಮ್ಮ ಮನೆಯಲ್ಲೂ ಹಿರಿಯರೊಬ್ಬರು ಮಾತು ಬಿಟ್ಟು ಸುಮ್ಮನಾಗಿದ್ದರೆ, ಅವರ ಬಾಯಿಯನ್ನು ಒಮ್ಮೆ ಡಾಕ್ಟರಿಗೆ ತೋರಿಸಿ. ತಲೆ ಸರಿಹೋಗುತ್ತದೆಂದು ನಾನು ಹೇಳಲಾರೆ. ಒಂದು ನೋವಾದರೂ ಹೋಗುತ್ತದೆ, ಮತ್ತು ಅದನ್ನು ಅವರು ಯಾರ ಸಲುವಾಗಿ ಮುಚ್ಚಿಟ್ಟುಕೊಂಡಿದ್ದರೆಂದು ತಿಳಿಯುತ್ತದೆ.

ಈಗ ಹಗಲು ನಾನು ಇಲ್ಲದಾಗ ನೋಡಿಕೊಳ್ಳಲು ಓಣಿಯ ಒಬ್ಬಾಕೆ ಬರುತ್ತಾಳೆ. ಮಷಿನ್ ಇದೆ, ಸೂಜಿ ತೆಗೆದಿಟ್ಟಿದ್ದೇನೆ. ದೊಡ್ಡವ್ವ ಸುಮ್ಮನೆ ಬಟ್ಟೆಯಿಟ್ಟು ಅದನ್ನು ತುಳಿಯುತ್ತಾಳೆ, ಸದ್ದು ಅವಳಿಗೆ ಸಾಕು. ಕೆಲವು ದಿನ ನಾನು ವಿದ್ಯಾ ಎಂದು ಅವಳಿಗೆ ಗೊತ್ತಿರುತ್ತದೆ, ಕೆಲವು ದಿನ ನಾನು ಅವಳ ತಂಗಿ. ಇತ್ತೀಚೆಗೆ ಹೆಚ್ಚಾಗಿ, ಮನೆಗೆ ಬಂದ ಯಾರೋ ಒಬ್ಬರು.

ಹೋದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಅವಳೆದುರು ಕುಳಿತಿದ್ದೆ. ಅವಳು ನನ್ನನ್ನು ಚೆನ್ನಾಗಿ ನೋಡಿ ಕೇಳಿದಳು.

"ಯಾರ ಪೈಕಿ ರಿ ನೀವು?"

ಮೊದಲೆಲ್ಲ ಇಂಥ ಪ್ರಶ್ನೆಗೆ ನಾನು ನಾನೇ ಎಂದು ಹೇಳಿ, ಫೋಟೋ ತೋರಿಸಿ, ಅವಳನ್ನೂ ಗಾಬರಿಗೊಳಿಸಿ ನಾನೂ ಅಳುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ.

"ಹುಕ್ಕೇರಿಯವರ ಪೈಕಿ ರಿ," ಎಂದೆ.

"ಹೌದಾ? ನಮ್ಮ ತಂಗಿನ್ನ ಅಲ್ಲೇ ಕೊಟ್ಟೇವಿ. ಆಕಿ ಮಗಳು ನಮ್ಮ ಮನ್ಯಾಗ ಇರ್ತಾಳ. ವಿದ್ಯಾ ಅಂತ. ಕಾಲೇಜಿನ್ಯಾಗ ಕಲಸ್ತಾಳ."

"ಹೆಂಗದಾಳ್ರಿ ಹುಡುಗಿ?"

"ಏನ್ ಹೇಳ್ಲಿ. ಭಾಳ ಶಾಣ್ಯಾಕಿ, ಆದ್ರ ಯಾರ ಕೂಡಾನೂ ಮಾತಾಡಂಗಿಲ್ಲ. ಎಲ್ಲಾ ಹೊಟ್ಯಾಗ ಇಟ್ಟಗೋತಾಳ. ನನ್ನ ಮುಂದ ಅಷ್ಟ ಹೇಳಾಕಿ." ಅವಳು ಮುಂದಕ್ಕೆ ಬಾಗಿದಳು. "ನನಗೂ ಇತ್ತಿತ್ತಲಾಗ ಏನೂ ನೆನಪ ನಿಂದರವಲ್ದ್ರಿ. ನಾನೂ ಇಲ್ಲಂದ್ರ ಆ ಕೂಸು ಯಾರ ಮುಂದ ಹೇಳಬೇಕು?"

ಅವಳು ನನ್ನ ಕೈ ಹಿಡಿದಳು. ಅವಳ ಕೈ ಬೆಚ್ಚಗಿತ್ತು.

"ನೀವು ಚಲೋರ ಕಾಣ್ತೀರಿ. ಒಮ್ಮಿ ಆಕಿ ಕಡೆ ಹೋಗಿ ಮಾತಾಡ್ಸಿ ಬರ್ರಿ. ನಾ ಕಳಸೇನಿ ಅಂತ ಮಾತ್ರ ಹೇಳಬ್ಯಾಡ್ರಿ, ಸಿಟ್ಟಾಗ್ತಾಳ."

"ಹೇಳಂಗಿಲ್ರಿ."

"ಯಾವಾಗ ಹೋಗ್ತೀರಿ?"

"ಇವತ್ತ ಹೋಗ್ತೇನ್ರಿ," ಎಂದೆ.